ಪದ್ಯದಿಂದ ಮಕ್ಕಳ ಕೈಲಿ ಬರೆಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಶಹಾಪುರ ತಾಲ್ಲೂಕು, ನಾಲ್ಕನೇ ತರಗತಿ ಶಿಕ್ಷಕ:
ನಮ್ಮ ಮಕ್ಕಳು ಪದ್ಯ ಹಾಡಲು ಶುರು ಮಾಡಿದರೆ ಪಕ್ಕದ ತರಗತಿಯವರೂ ಸೇರಿಕೊಳ್ಳುತ್ತಾರೆ. ‘ನೀವೇ ಎರಡು ಸಾಲು ಬರೆಯಿರಿ’ ಅಂದರೆ ಮಾತ್ರ ಪುಸ್ತಕದ್ದನ್ನೇ ನೋಡಿ ಬರೆದು ಕೊಡುತ್ತಾರೆ. ಹಾಡುವ ಖುಷಿ ಬರೆಯುವಾಗಲೂ ಬರಬೇಕಾದರೆ ಏನು ಮಾಡಬೇಕು?

ಚಿತ್ತಾಪುರ ತಾಲ್ಲೂಕಿನ ಶಿಕ್ಷಕಿ:
ಸರ್, ಮೊದಲು ಪ್ರಾಸ ಬಿಟ್ಟುಬಿಡಿ. ನಾನು ಎರಡು ವರ್ಷ ಪ್ರಾಸವನ್ನೇ ಹಿಡಿದು ಕೂತಿದ್ದೆ. ಮಳೆ ಅಂದರೆ ಸಾಕು, ಎಲ್ಲರೂ ‘ಬೆಳೆ, ಕೊಳೆ’ ಅಂತ ಪದ ಹುಡುಕುತ್ತಿದ್ದರು. ಮಳೆ ಯಾರ ನೆನಪಿಗೂ ಬರುತ್ತಿರಲಿಲ್ಲ. ಒಂದು ದಿನ ಪದ್ಯ ಓದಿ ಮುಗಿಸಿ, ‘ತೊಗರಿ ಹೊಲದಾಗ ನಿಂತರ ಏನು ಕೇಳಸ್ತದ?’ ಅಂತಷ್ಟೇ ಕೇಳಿದೆ. ಮೊದಲು ಬಾಯಲ್ಲಿ ಹೇಳಿದರು, ಆಮೇಲೆ ಬರೆದರು. ಒಬ್ಬಳು ಬರೆದದ್ದು: ‘ಒಣಗಿದ ಕಾಯಿ ಗೆಜ್ಜಿ ಹಂಗ ಸಪಳ ಮಾಡ್ತಾವ.’ ಸಪ್ಪಳಕ್ಕೆ ಒತ್ತು ಇರಲಿಲ್ಲ. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಮರುದಿನ ಗೋಡೆಗೆ ಹಚ್ಚುವ ಮುಂಚೆ ಜೋರಾಗಿ ಓದಿಸಿದೆ. ಓದುತ್ತಾ ಓದುತ್ತಾ ಅವಳೇ ಒತ್ತು ಸೇರಿಸಿದಳು.

ಬಸವಕಲ್ಯಾಣದಿಂದ, ಐದನೇ ತರಗತಿ ಶಿಕ್ಷಕ:
ಪ್ರಾಸದ ಮಾತು ನಿಜ. ಅದಕ್ಕೇ ನಾನು ವಚನ ಹಿಡಿದೆ. ಅದು ಮಾತಿಗೆ ಹತ್ತಿರ. ವಚನದ ಕೊನೆಗೆ ಕರೆಯುವ ದೇವರ ಹೆಸರೇ ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ನಿಮ್ಮ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನದು ರಾಮನಾಥ. ‘ನೀನು ಯಾರಿಗೆ ಹೇಳ್ತಿ? ಅವರನ್ನು ಕೊನೆಗೆ ಕರಿ’ ಅಂದೆ. ಯಾರೋ ಕೇಳಿಸಿಕೊಳ್ಳುತ್ತಾರೆ ಅಂದಾಗ ಮಾತು ತಾನಾಗೇ ಬರುತ್ತದೆ, ಅಲ್ವಾ? ಒಬ್ಬ ಎಮ್ಮೆಯನ್ನು ಕರೆದ, ಒಬ್ಬಳು ಬೇವಿನ ಮರವನ್ನು ಕರೆದಳು. ಅಪ್ಪ ಅಮ್ಮ ಗುಳೆ ಹೋಗಿರುವ ಒಬ್ಬ ಹುಡುಗ ಇದ್ದಾನೆ. ಮೇಕೆ ಮರಿ ಹಾಕಿದ್ದು, ಮನೆ ಸೋರಿದ್ದು, ಎಲ್ಲ ಬರೆದು ಕೊನೆಗೆ ‘ಮುಂಬೈದಾಗಿನ ನಮ್ಮವ್ವಾ’ ಅಂತ ಇಟ್ಟ. ಎಲ್ಲರ ಮುಂದೆ ಓದು ಅಂದೆ, ಅತ್ತುಬಿಟ್ಟ. ಅದು ನನ್ನ ತಪ್ಪು. ಈಗ ‘ಓದ್ತೀಯಾ, ನನ್ನ ಹತ್ರನೇ ಇರಲಾ?’ ಅಂತ ಮೊದಲು ಕೇಳುತ್ತೇನೆ.

ಯಾದಗಿರಿಯ ಶಿಕ್ಷಕಿ:
ತಾಂಡಾದ ಮಕ್ಕಳಿದ್ದರೆ ಲಂಬಾಣಿಯಲ್ಲೇ ಹೇಳಲು ಬಿಡಿ, ಕನ್ನಡ ಅಕ್ಷರದಲ್ಲೇ ಬರೆಯಲಿ. ಕನ್ನಡದ ಪದ ಎಲ್ಲರೂ ಸೇರಿ ಹುಡುಕಬಹುದು. ಇನ್ನೊಂದು, ಅಜ್ಜಿಯಿಂದ ಒಂದು ಬೀಸುವ ಪದ, ಅಂದರೆ ಬೀಸುವಾಗ ಹಾಡುವ ಹಾಡು, ಕೇಳಿಕೊಂಡು ಬರಲು ಹೇಳಿ. ಇರೋದು ಮೂರೇ ಸಾಲು. ಎರಡು ಅಜ್ಜಿದು, ಮೂರನೆಯದು ಮಗುವಿನದು. ಖಾಲಿ ಹಾಳೆ ನೋಡಿ ಹೆದರುವ ಮಕ್ಕಳಿಗೆ ಇದು ಜಾಸ್ತಿ ಒಗ್ಗುತ್ತದೆ.

ಶಹಾಪುರ:
ನಮ್ಮಲ್ಲಿ ತಾಂಡಾದ ಮಕ್ಕಳು 7 ಜನ ಇದ್ದಾರೆ, ಅಕ್ಕೋರೆ. ಇಷ್ಟು ದಿನ ಅವರನ್ನು ಸುಮ್ನೆ ನಕಲು ಮಾಡಿಸುತ್ತಾ ಬಂದೆ ಅಂತ ಈಗ ಬೇಜಾರಾಗುತ್ತಿದೆ. ಸೋಮವಾರ ಅವರಿಂದಲೇ ಶುರು ಮಾಡುತ್ತೇನೆ. ಅಂಕಿತದ್ದು ಆಮೇಲೆ.