ಅಪ್‌ಡೇಟ್: ಕಪ್ಪೆಗಳಿಗೆ ಹೆದರಿ ಓಡಿದ ಹುಡುಗ

ಐರಿಷ್ ಕವಿ ಸೀಮಸ್ ಹೀನಿಯವರ ‘ಡೆತ್ ಆಫ್ ಎ ನ್ಯಾಚುರಲಿಸ್ಟ್’ (ನಿಸರ್ಗಾಸಕ್ತನೊಬ್ಬನ ಸಾವು) ಕವಿತೆಯಲ್ಲಿ ಹುಡುಗ ಕಪ್ಪೆಗಳಿಗೆ ಹೆದರಿ ಓಡಿದ ಮಾತ್ರಕ್ಕೆ ಬಾಲ್ಯದ ಮುಗ್ಧತೆ ಕಳೆದುಹೋಯಿತೆನ್ನಬಹುದೇ ಎಂದು ಕಳೆದ ವಾರ ಕೇಳಿದ್ದೆ. ಗಟ್ಟಿಯಾಗಿ ಓದಿ ನೋಡಿ ಎಂದವರಿಗೆ ಮನಸಾರೆ ಧನ್ಯವಾದಗಳು. ಓದಿದೆ, ಗಂಟು ಬಿಚ್ಚಿಕೊಂಡಿತು.

ನಾರಿಗಾಗಿ ಅಗಸೆ ಗಿಡ ಕೊಳೆಸುವ ಹೊಂಡದ ನಾತ ಮೊದಲ ಸಾಲುಗಳಲ್ಲೇ ಇದೆ! ನಾನದನ್ನು ಗಮನಿಸಿಯೇ ಇರಲಿಲ್ಲ. ಹುಡುಗನಿಗೂ ಆಗ ಅದು ಹೇಸಿಗೆಯಲ್ಲ; ಲೋಳೆಲೋಳೆಯಾದ ಕಪ್ಪೆಮೊಟ್ಟೆಗಳನ್ನು ಜಾಮ್ ಬಾಟಲಿಗಳಲ್ಲಿ ತುಂಬಿ, ಕಿಟಕಿಯಲ್ಲಿ ಸಾಲಾಗಿಟ್ಟು, ಗೊದಮೊಟ್ಟೆಗಳಿಗಾಗಿ ಕಾಯುತ್ತಾನೆ. ಟೀಚರ್ ಹೇಳಿಕೊಡುವುದು ಅಪ್ಪ ಕಪ್ಪೆ, ಅಮ್ಮ ಕಪ್ಪೆಯ ಪಾಠ. ಮುಂದೊಂದು ಸುಡುಬಿಸಿಲಿನ ದಿನ ದೊಡ್ಡ ಕಪ್ಪೆಗಳು ಕತ್ತು ಉಬ್ಬಿಸಿ ವಟಗುಟ್ಟುವಾಗ, ಕೈ ಅದ್ದಿದರೆ ಆ ಮೊಟ್ಟೆಗಳೇ ಹಿಡಿದುಕೊಳ್ಳುತ್ತವೆ ಎಂದು ಅವನಿಗೆ ಖಾತ್ರಿಯಾಗುತ್ತದೆ. ತಾನು ಅವುಗಳ ಮೊಟ್ಟೆ ಕದ್ದಿದ್ದೇನೆ ಎಂಬ ಅರಿವು ಆ ಭಯದೊಳಗಿದೆ. ಇದು ಬರೀ ಹರೆಯಕ್ಕೆ ಕಾಲಿಡುವುದರ ಕವಿತೆ ಎಂದು ನನ್ನ ಪ್ರಶ್ನೆಗೆ ಬಂದ ಉತ್ತರವನ್ನು ಆದ್ದರಿಂದಲೇ ನಾನು ಪೂರ್ತಿ ಒಪ್ಪಲಾರೆ.

1966ರ ಅದೇ ಹೆಸರಿನ ಸಂಕಲನದಲ್ಲಿರುವ ‘ಬ್ಲ್ಯಾಕ್‌ಬೆರಿ ಪಿಕಿಂಗ್’ ಕವಿತೆಯನ್ನೂ ಓದಿದೆ. ಕೊಟ್ಟಿಗೆಯಲ್ಲಿ ಕೂಡಿಟ್ಟ ಹಣ್ಣಿಗೆ ಬೂಷ್ಟು ಹಿಡಿದಾಗ ಅಲ್ಲಿನ ಮಗುವಿಗೆ ಅಳು ಬರುತ್ತದೆ. ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಪ್ರತಿ ವರ್ಷ ಆಸೆಪಡುತ್ತದೆ. ಅಲ್ಲಿಗೆ ಬಂದಾಗ ನನಗೂ ದನಿ ಕಟ್ಟಿತು.