ಹಳೇ ಎಂಎಂ 540 ಜೀಪು, ಇಂಜಿನ್‌ನಲ್ಲಿ ಜೋರು ಬಡಿತ: ಇಳಿಸಲೇಬೇಕಾ?

ಕೋಟೆಜೀಪು, ಚಿತ್ರದುರ್ಗ:
ನಮಸ್ಕಾರ. ನಮ್ಮದು ಹಳೇ ಮಹೀಂದ್ರಾ ಎಂಎಂ 540. ಪೆಜೋ ಎಕ್ಸ್‌ಡಿಪಿ 4.90 ಡೀಸೆಲ್ ಇಂಜಿನ್, 2112 ಸಿಸಿ. ಅಪ್ಪನ ಕಾಲದ ಗಾಡಿ. ಈಗ ತೋಟಕ್ಕೆ ಹೋಗಿಬರಲು, ಮತ್ತೆ ಭಾನುವಾರದ ತಿರುಗಾಟಕ್ಕೆ ಇಟ್ಟುಕೊಂಡಿದ್ದೇನೆ.

ಹೋದ ವಾರ ಜೋಗಿಮಟ್ಟಿ ಏರಿನಲ್ಲಿ ಸೆಕೆಂಡ್ ಗೇರಲ್ಲಿ ಹತ್ತಿಸುತ್ತಿದ್ದೆ. ಇದ್ದಕ್ಕಿದ್ದಂತೆ ಒಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಣ್ ಟಣ್ ಶುರುವಾಯಿತು. ಸ್ಲೋದಲ್ಲಿ ಬಿಟ್ಟರೂ ಇದೆ, ರೇಸ್ ಕೊಟ್ಟರೆ ಜಾಸ್ತಿ. ಸ್ವಲ್ಪ ಕಪ್ಪು ಹೊಗೆಯೂ ಬರುತ್ತಿದೆ. ಆಯಿಲ್ ಕಡ್ಡಿ ನೋಡಿದೆ, ಮಟ್ಟ ಸರಿ ಇದೆ. ಆದರೆ ಆಯಿಲ್ ಒತ್ತಡ ತೋರಿಸುವ ಮೀಟರ್ ಸತ್ತು ವರ್ಷಗಳೇ ಆದವು.

ಗ್ಯಾರೇಜಿನವರು ಅರ್ಧ ನಿಮಿಷ ಕಿವಿಗೊಟ್ಟು, "ಬಿಗ್ ಎಂಡ್ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದುಬಿಟ್ಟರು. ಪಿಸ್ಟನ್ನಿನ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್ ಅಂತೆ. ಸುಮ್ನೆ ಒಪ್ಪಿಕೊಳ್ಳಲು ಮನಸ್ಸಿಲ್ಲ. ಏನು ನೋಡಲಿ?

ಪಿಬಿರೋಡ್_ಡೀಸೆಲ್, ದಾವಣಗೆರೆ:
ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ ಸರ್. ಬೇರಿಂಗೇ ಆಗಿದ್ದರೆ ಇನ್ನೊಂದು ಏರಿಗೆ ಕ್ರ್ಯಾಂಕೂ ಹೋಗುತ್ತದೆ. ಆಮೇಲೆ ಖರ್ಚು ಎರಡು ಪಟ್ಟು.

ಸತ್ತ ಮೀಟರ್ ನಂಬಬೇಡಿ. ಆಯಿಲ್ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಕೈಗೇಜ್ ಹಾಕಿಸಿ. 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಒತ್ತಡ ಇರಬೇಕು ಅನ್ನುವುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಇಂಜಿನ್ ಬಿಸಿಯಾದ ಮೇಲೆ ಮುಳ್ಳು ಪೂರ್ತಿ ಬಿದ್ದುಹೋದರೆ ನಿಮ್ಮ ಗ್ಯಾರೇಜಿನವರ ಮಾತು ನಿಜ ಇರಬಹುದು. ಒತ್ತಡ ಚೆನ್ನಾಗಿದ್ದರೆ ಮುಂದೆ ಹೋಗೋಣ.

ಹೊಳಲ್ಕೆರೆ_ಟ್ರ್ಯಾಕ್ಟರ್:
ಫ್ಯಾನ್ ಬೆಲ್ಟ್ ತೆಗೆದು ಒಂದೇ ನಿಮಿಷ ಸ್ಟಾರ್ಟ್ ಮಾಡಿ ನೋಡ್ರಿ. ಶಬ್ದ ಹೋದರೆ ಡೈನಮೊ ಅಥವಾ ವಾಟರ್ ಪಂಪ್. ಕ್ರ್ಯಾಂಕ್ ಪುಲ್ಲಿಯನ್ನೂ ಕೈಯಲ್ಲಿ ಅಲ್ಲಾಡಿಸಿ. ನಮ್ಮ ಟ್ರ್ಯಾಕ್ಟರಿಗೆ ಪುಲ್ಲಿ ಬೋಲ್ಟ್ ಸಡಿಲ ಆಗಿ ಥೇಟ್ ಬೇರಿಂಗ್ ಸದ್ದೇ ಬರುತ್ತಿತ್ತು. ನಾವು ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿದ ಮೇಲೆ ಗೊತ್ತಾಯಿತು! ಕ್ಲಚ್ ತುಳಿದಾಗ ಸದ್ದು ಬದಲಾಗುತ್ತದಾ ಅಂತಲೂ ನೋಡಿ. ಬದಲಾದರೆ ಫ್ಲೈವೀಲ್ ಕಡೆ, ಇಲ್ಲವೇ ಕ್ರ್ಯಾಂಕ್ ಹಿಂದೆ ಮುಂದೆ ಆಡುತ್ತಿರಬಹುದು.

ಕೋಟೆಜೀಪು:
ಗೇಜ್ ಹಾಕಿಸಿದೆ. ಬಿಸಿ ಇಂಜಿನ್‌ನಲ್ಲಿ ಸ್ಲೋಗೆ 20ರ ಹತ್ತಿರ, ರೇಸ್ ಕೊಟ್ಟರೆ 45 ದಾಟುತ್ತದೆ. ಬೆಲ್ಟ್ ತೆಗೆದರೂ ಅದೇ ಸದ್ದು. ಪುಲ್ಲಿ ಗಟ್ಟಿ ಇದೆ. ಕ್ಲಚ್ ತುಳಿದರೂ ವ್ಯತ್ಯಾಸ ಇಲ್ಲ.

ಅಡ್ಡದಾರಿ4x4:
ಡೀಸೆಲ್ ಪಂಪ್ ಟೈಮಿಂಗ್ ಮುಂದಾಗಿರುತ್ತದೆ ಅಣ್ಣ, ಅಂದರೆ ಡೀಸೆಲ್ ಬೇಗ ಚಿಮ್ಮುತ್ತಿರುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿ.

ಪಿಬಿರೋಡ್_ಡೀಸೆಲ್:
ಬೇಡ, ಪಂಪ್ ಮುಟ್ಟಬೇಡಿ. ಟೈಮಿಂಗ್ ಮುಂದಾದರೆ ನಾಲ್ಕೂ ಸಿಲಿಂಡರ್ ಕಟಕಟ ಅನ್ನುತ್ತವೆ. ಇವರದು ಏಕಾಏಕಿ ಶುರುವಾದ ಟಣ್.

ಒತ್ತಡ ಒಳ್ಳೆಯದಿದೆ. ಈಗ ಯಾವ ಸಿಲಿಂಡರ್ ಅಂತ ಹಿಡಿಯಬೇಕು. ಇಂಜಿನ್ ಸ್ಲೋದಲ್ಲಿ ಇರಲಿ. ಪಂಪಿನಿಂದ ನಾಜಲ್‌ಗೆ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗುವ ಪೈಪಿನ ನಟ್ಟನ್ನು ನಾಜಲ್ ಕಡೆ ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ, ಇಂಜಿನ್ ಕುಂಟುತ್ತದೆ. ಆಗ ಬಡಿತ ಏನಾಯಿತು ಅಂತ ಕೇಳಿ, ಮತ್ತೆ ಬಿಗಿ ಮಾಡಿ ಮುಂದಿನದಕ್ಕೆ ಹೋಗಿ.

ಎರಡು ಎಚ್ಚರಿಕೆ. ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಕೈ ಹತ್ತಿರ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೋದರೆ ಗಾಯ ಚಿಕ್ಕದು ಅಂತ ಕೂರದೆ ಆಸ್ಪತ್ರೆಗೆ ಓಡಬೇಕು. ಇನ್ನೊಂದು, ಇದು ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಹೊಸ ಕಾಮನ್ ರೈಲ್ ಗಾಡಿಯಲ್ಲಿ (ಡೀಸೆಲ್ ಒತ್ತಡ ಇನ್ನೂ ಬಹಳ ಜಾಸ್ತಿ ಇರುವ ಎಲೆಕ್ಟ್ರಾನಿಕ್ ಇಂಜಿನ್) ಯಾರೂ ಇದನ್ನು ಮಾಡಲೇಬೇಡಿ.

ಕೋಟೆಜೀಪು:
3ನೇ ಪೈಪ್ ಸಡಿಲಿಸಿದ ಕೂಡಲೇ ಟಣ್ ನಿಂತಿತು! ಬಿಗಿ ಮಾಡಿದರೆ ಮತ್ತೆ ಬಂತು. ಗ್ಯಾರೇಜಿನವರು, "ನೋಡಿದ್ರಾ, 3ನೇ ಬೇರಿಂಗ್" ಅಂತ ನಕ್ಕರು.

ಪಿಬಿರೋಡ್_ಡೀಸೆಲ್:
ಇಲ್ಲೇ ಎಲ್ಲರೂ ಎಡವುವುದು. ಡೀಸೆಲ್ ನಿಂತರೆ ಪಿಸ್ಟನ್ ಮೇಲೆ ಹೊಡೆತ ಬೀಳುವುದಿಲ್ಲ. ಆಗ ಸವೆದ ಬೇರಿಂಗೂ ಸುಮ್ಮನಾಗುತ್ತದೆ, ಕೆಟ್ಟ ನಾಜಲ್ಲೂ ಸುಮ್ಮನಾಗುತ್ತದೆ. 3ನೇ ಸಿಲಿಂಡರ್ ಅಂತ ಗೊತ್ತಾಯಿತು ಅಷ್ಟೇ, ಬೇರಿಂಗ್ ಅಂತ ಅಲ್ಲ.

ನಾಜಲ್ ಸೂಜಿ ಸಿಕ್ಕಿಕೊಂಡರೆ ಡೀಸೆಲ್ ಮಂಜಿನ ಹಾಗೆ ಚಿಮ್ಮುವ ಬದಲು ತೊಟ್ಟಿಕ್ಕುತ್ತದೆ. ಅದು ಒಳಗೆ ಸೇರಿಕೊಂಡು ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಅದೇ ಸುತ್ತಿಗೆ ಸದ್ದು. ನೀವು ಹೇಳಿದ ಕಪ್ಪು ಹೊಗೆ ನೋಡಿ ನನಗೆ ಮೊದಲೇ ಅನುಮಾನ ಇತ್ತು.

3ನೇ ನಾಜಲ್ ತೆಗೆದು 1ಕ್ಕೆ ಹಾಕಿ, 1ರದ್ದನ್ನು 3ಕ್ಕೆ. ಮತ್ತೆ ಪೈಪ್ ಸಡಿಲಿಸಿ ನೋಡಿ. ಬಡಿತ 1ಕ್ಕೆ ಬಂದರೆ ನಾಜಲ್. 3ರಲ್ಲೇ ಉಳಿದರೆ ಚೇಂಬರ್ ಬಿಚ್ಚಿ, ನಾನು ಅಡ್ಡ ಬರುವುದಿಲ್ಲ. ವಾಷರ್ ಹೊಸದೇ ಹಾಕಿ. ಹಳೇ ವಾಷರ್ ನಾಜಲ್ ಕೂರುವ ಗುಂಡಿಯೊಳಗೆ ಅಂಟಿಕೊಂಡಿರುತ್ತದೆ, ಅದರ ಮೇಲೆ ಇನ್ನೊಂದು ಕೂರಿಸಿದರೆ ಹೊಸ ತಲೆನೋವು.

ಕೋಟೆಜೀಪು:
ಬಡಿತ 1ಕ್ಕೆ ಬಂತು!!

ನಾಲ್ಕೂ ನಾಜಲ್ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದೆ. ಪಂಪ್ ರಿಪೇರಿ ಅಂಗಡಿಯವರು ಟೆಸ್ಟರಿಗೆ ಹಾಕಿದರು. ಮೂರು ಸರಿಯಾಗಿ ಚಿಮ್ಮಿದವು. ಒಂದು ಕೆಟ್ಟ ನಲ್ಲಿಯ ಹಾಗೆ ಸೋರುತ್ತಿತ್ತು. ಅದಕ್ಕೆ ಹೊಸ ನಾಜಲ್ ಹಾಕಿ ಒತ್ತಡ ಸೆಟ್ ಮಾಡಿಕೊಟ್ಟರು. ಕಾಯುವ ಹೊತ್ತಿಗೆ ಬೆಣ್ಣೆ ದೋಸೆ ತಿಂದೆ, ಖರ್ಚಿನ ಲೆಕ್ಕಕ್ಕೆ ಅದನ್ನೂ ಸೇರಿಸಿದ್ದೇನೆ. ಮನೆಯಲ್ಲಿ ಹೇಳಿಲ್ಲ.

ಈಗ ಟಣ್ ಇಲ್ಲ, ಕಪ್ಪು ಹೊಗೆಯೂ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಸಣ್ಣ ಟಕ್ ಟಕ್ ಇದೆ. ಎರಡು ಮೂರು ನಿಮಿಷಕ್ಕೆ ಹೋಗುತ್ತದೆ.

ಪಿಬಿರೋಡ್_ಡೀಸೆಲ್:
ಅದು ಪಿಸ್ಟನ್ ಆಡುವ ಸದ್ದು ಇರಬೇಕು, ಬೋರ್ (ಸಿಲಿಂಡರಿನ ಒಳಗೋಡೆ) ಸ್ವಲ್ಪ ಸವೆದಿರುತ್ತದೆ. ಬಿಸಿಯಾದಾಗ ಪಿಸ್ಟನ್ ಹಿಗ್ಗಿ ಕೂರುತ್ತದೆ. ಆಯಿಲ್ ಕುಡಿಯದಿದ್ದರೆ ಬಿಟ್ಟುಬಿಡಿ. ಅಂದಹಾಗೆ ಡೀಸೆಲ್ ಎಲ್ಲಿ ಹಾಕಿಸುತ್ತೀರಿ? ಒಂದೇ ನಾಜಲ್ ಸುಮ್ನೆ ಸಿಕ್ಕಿಕೊಳ್ಳುವುದಿಲ್ಲ.

ಕೋಟೆಜೀಪು:
ತಪ್ಪು ನನ್ನದೇ ಸರ್. ತೋಟದಲ್ಲಿ ಪಂಪ್‌ಸೆಟ್ಟಿಗೆ ಅಂತ ಬ್ಯಾರೆಲ್ ಇಟ್ಟಿದ್ದೆವು, ಅದರಿಂದಲೇ ಜೀಪಿಗೂ ಸುರಿಯುತ್ತಿದ್ದೆ. ನಿನ್ನೆ ಖಾಲಿ ಮಾಡಿದೆ. ತಳದಲ್ಲಿ ಒಂದು ಚೊಂಬು ನೀರು, ಬೆರಳಿಗೆ ಹತ್ತುವಷ್ಟು ತುಕ್ಕು. ಜೀಪಿನ ಟ್ಯಾಂಕ್ ಇಳಿಸಿ ತೊಳೆದಿದ್ದೇನೆ. ಡೀಸೆಲ್ ಫಿಲ್ಟರ್ ಎರಡು ತಂದಿದ್ದೇನೆ, ಒಂದು ಈಗ ಹಾಕಿದೆ, ಇನ್ನೊಂದು ಮುಂದಿನ ತಿಂಗಳಿಗೆ.