ಸಹಾಯ ಬೇಕು: ಡೀಸೆಲ್‌ನಲ್ಲಿ ನೀರು ಅಂತ ವಾರಂಟಿ ಕೊಡುತ್ತಿಲ್ಲ

ವಾರಂಟಿ ಇನ್ನೂ ಮುಗಿಯದ ನನ್ನ ಬಿಎಸ್6 (ಹೊಗೆ ಮಾಲಿನ್ಯ ಮಾನದಂಡ) ಡೀಸೆಲ್ ಕಾರು ಘಾಟಿ ಏರುವಾಗ ಜರ್ಕ್ ಹೊಡೆದು ನಿಂತಿತು. ಎಂಜಿನ್‌ಗೆ ಡೀಸೆಲ್ ಕಳಿಸುವ ಹೈ ಪ್ರೆಶರ್ ಪಂಪು, ಇಂಜೆಕ್ಟರ್ ಎಲ್ಲಾ ಹೋಗಿವೆ, ಡೀಸೆಲ್‌ನಲ್ಲಿ ನೀರಿತ್ತು, ಅದಕ್ಕೆ ವಾರಂಟಿ ಬರಲ್ಲ ಎನ್ನುತ್ತಾರೆ ಸರ್ವಿಸ್ ಸೆಂಟರ್‌ನವರು. ಲ್ಯಾಬ್ ರಿಪೋರ್ಟ್ ಕೇಳಿದರೆ ಇಲ್ಲ, ಬಾಟಲಿಗೆ ಹಿಡಿದು ಕಣ್ಣಲ್ಲೇ ನೋಡಿದರಂತೆ! ಬಿಎಸ್6 ಡೀಸೆಲ್‌ಗೆ ನೀರಿನ ಮಿತಿ ಕಿಲೋಗೆ 200 ಮಿಲಿಗ್ರಾಂ, ಅದನ್ನು ಕಣ್ಣಲ್ಲಿ ಅಳೆಯೋಕಾಗುತ್ತಾ? ಫಿಲ್ಟರ್‌ನಲ್ಲಿ ನೀರು ಸೇರಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಬೇಕಿತ್ತು ಅಲ್ವಾ, ಹತ್ತಲೇ ಇಲ್ಲ. ಬಂಕಿನ ಬಿಲ್‌ಗಳು, ಸರ್ವಿಸ್ ದಾಖಲೆ ಎಲ್ಲಾ ಇವೆ. ನಿರಾಕರಣೆ ಬರಹದಲ್ಲಿ ಕೊಡಿ, ಹಳೇ ಪಾರ್ಟ್ಸ್ ಬಿಸಾಡಬೇಡಿ ಎಂದು ಇಮೇಲ್ ಹಾಕಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ.

ಟ್ಯಾಂಕಿನಲ್ಲಿ ಉಳಿದಿರುವ ಡೀಸೆಲ್ಲನ್ನು ಸೀಲ್ ಮಾಡಿಸಿ ಬೆಂಗಳೂರಿನಲ್ಲಿ ಎಲ್ಲಿ ಟೆಸ್ಟ್ ಮಾಡಿಸಬಹುದು? ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಡೀಲರ್, ಕಂಪನಿ ಜೊತೆ ಬಂಕಿನವರನ್ನೂ ಸೇರಿಸಬೇಕಾ? ಇಂಥ ಕೇಸು ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಸುಮ್ನೆ ಕಾಸು ಕಟ್ಟಿ ಬಿಡಿಸಿಕೊಳ್ಳಿ ಅನ್ನೋರು ಜಾಸ್ತಿ ಆಗಿದ್ದಾರೆ.